ನರ ಬಂದ ಕಲ್ಲು

ಗಂಗಾವತಿಯಿಂದ ಟಂಟಂನಲ್ಲಿ ಮೂವತ್ತು ರೂಪಾಯಿ.
ಕಾಲುವೆಯ ಸೇತುವೆ ದಾಟಿ, ಗಿರಣಿಗಳ ತೌಡಿನ ವಾಸನೆ ದಾಟಿ,
ಭತ್ತದ ಗದ್ದೆಗಳ ನಡುವೆ ಯಾರೋ ಚೀಲ ಸುರುವಿ
ಮರೆತು ಹೋದಂಥ ಬಂಡೆಗಳ ಗುಡ್ಡ.
ಅದರ ಹೊಟ್ಟೆಯಲ್ಲೊಂದು ಗುಡಿ ಕೊರೆದಿದ್ದಾರಂತೆ ಎಂದು
ಹುಲಿಗೆಮ್ಮತ್ತೆಗೆ ಹೇಳಿದವಳು ನಾನೇ.

ಕಾಲೇಜಿನ ಟೂರಿನಲ್ಲಿ ತಮಿಳರ ಸಮುದ್ರದೂರಿಗೆ ಹೋಗಿ ಬಂದು
ಹದಿನೈದು ದಿನ ಅದನ್ನೇ ಹೇಳುತ್ತಿದ್ದೆ:
ಒಂದೇ ಬಂಡೆ ಅತ್ತೆ, ಅದರಲ್ಲೇ ಕಂಬ, ಅದರಲ್ಲೇ ಸಿಂಹ,
ಹೊರಗಿನಿಂದ ಒಂದು ಕಲ್ಲೂ ತಂದಿಲ್ಲ!
ರೊಟ್ಟಿಯ ಹಿಟ್ಟು ನಾದುತ್ತ ಕೇಳಿದ್ದಳು:
"ತಗದ ಕಲ್ಲು ಎಲ್ಲಿ ಒಗದ್ರಂತ?"
ಗೈಡು ಅದನ್ನು ಹೇಳಿರಲಿಲ್ಲ.

ನಲವತ್ತು ವರ್ಷ ಓಣಿ ಓಣಿ ತಿರುಗಿದವಳು.
"ಒರಳಿಗೆ ಕಕ್ಕು ಹೊಡಿಸ್ತೀರೇನ್ರವ್ವಾ" ಎಂಬ ಕೂಗು
ಸಿಂಧನೂರು, ಮಾನ್ವಿ, ಸಿರುಗುಪ್ಪದ ಹಿತ್ತಿಲುಗಳಿಗೆಲ್ಲ ಗೊತ್ತು.
ಸವೆದ ಕಲ್ಲಿಗೆ ಮತ್ತೆ ಹಲ್ಲು ಬರಿಸಿ
ಸೇರು ಜೋಳ ಸೆರಗಿಗೆ ಹಾಕಿಸಿಕೊಂಡು ಬರುತ್ತಿದ್ದಳು.
ಮಿಕ್ಸಿ ಬಂತು.
ಆ ಚಾಣ ಈಗ ಬಾಗಿಲು ಬಡಿಯದಂತೆ ಅಡ್ಡ ಇಡುವ ಕಬ್ಬಿಣ.

ಕಾವಲಿನ ಖಾಜಾಹುಸೇನಿ ಬೀಗ ತೆಗೆದ.
"ಬಾವಲಿ ಅದಾವ, ತಲಿ ಬಗ್ಗಿಸ್ರಿ. ಮೊದಲ ಹೇಳ್ತೀನಿ,
ಒಳಗ ದೇವ್ರಿಲ್ಲ. ಕೆಲಸ ಅರ್ಧಕ್ಕ ನಿಂತೈತಿ.
ಬಂದೋರೆಲ್ಲ ನನ್ನ ಮ್ಯಾಲ ಸಿಟ್ಟಾಗಿ ಹೋಗ್ತಾರ."

ಎರಡು ಕಂಬ ಪೂರ್ತಿ. ಮೂರನೆಯದು ಸೊಂಟದವರೆಗೆ.
ನಾಲ್ಕನೆಯದು ಇನ್ನೂ ಗುಡ್ಡವೇ.
ಹಿಂದಿನ ಗೋಡೆಯಲ್ಲಿ ಎರಡು ಭುಜ, ಕಿರೀಟದ ಗೀರು,
ಮುಖ ಬರಬೇಕಾದಲ್ಲಿ ಒರಟು ಕಲ್ಲು.

ನಾನು ಮೊಬೈಲಿನ ಬೆಳಕು ಹಿಡಿದೆ. "ಆರಿಸು" ಅಂದಳು.
ಗೋಡೆಗೆ ಅಂಗೈ ಇಟ್ಟಳು,
ಗಬ್ಬದ ಎಮ್ಮೆಯ ಹೊಟ್ಟೆ ನೋಡುವವಳ ಹಾಗೆ.
"ಇಬ್ಬರು ಇದ್ರು. ಒಬ್ಬಾಂವ ಎಡಚ.
ಇಕಾ, ಇಲ್ಲಿಂದ ಗೀರೆಲ್ಲ ಆ ಕಡೆ ವಾಲ್ಯಾವು.
ಸಣ್ಣ ವಯಸ್ಸು, ಭಾಳ ಜೋರು ಹೊಡದಾನ.
ಇಲ್ಲಿ ಬೈಸಿಕೊಂಡಾನ.
ಮುಂದ ಹಗೂರ ಆಗೇತಿ ಕೈ."

"ರಾಜ ಸತ್ತಿರಬೇಕು," ಖಾಜಾಹುಸೇನಿ ಅಂದ,
"ಇಲ್ಲಾ ದಂಡು ಬಂದಿರಬೇಕು. ಸಾಹೇಬ್ರು ಹಂಗಂತಿದ್ರು."
ಅತ್ತೆ ಬೆರಳ ಗಿಣ್ಣಿನಿಂದ ಭುಜಕ್ಕೆ ಬಡಿದಳು: ಟಣ್.
ಕೊರಳಿಗೆ: ಟಣ್.
ಮುಖವಿಲ್ಲದ ಜಾಗಕ್ಕೆ: ದಬ್.
ಮತ್ತೊಮ್ಮೆ. ದಬ್.

"ರಾಜ ಸತ್ತರ ಕೂಲಿ ನಿಲ್ತದಪ್ಪಾ. ಇದು ಅದಲ್ಲ.
ಒಳಗ ನರ ಬಂದೈತಿ. ಇನ್ನೊಂದು ಏಟು ಬಿದ್ದಿದ್ರ
ಮಾರಿ ಸೀಳಿ ಹೋಗ್ತಿತ್ತು.
ಕೇಳಿಸಿಕೊಂಡಾನ. ಕೈ ಇಳಿಸ್ಯಾನ."

ಮಾವನ ಮಾತು ನಮ್ಮ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ,
ಕುಷ್ಟಗಿ ಕಡೆಯ ಆ ಕ್ವಾರಿಯ ಮಾತನ್ನೂ.
ಅವಳೇ ತೆಗೆದಳು, ನನಗಲ್ಲ, ಗೋಡೆಗೆ:
"ಮಿಷಿನ್ನಿನ ಸದ್ದಿನಾಗ ಅವಗ ಕೇಳಿಸಲಿಲ್ಲ."

ತಂದ ಕಾಯಿ ಒಡೆಯಲಿಲ್ಲ.
ಸಂಚಿ ಬಿಚ್ಚಿ ಎರಡು ಎಲೆ, ಒಂದು ಅಡಿಕೆ, ಚೂರು ಹೊಗೆಸೊಪ್ಪು
ಮೂರ್ತಿಯ ಪಾದಕ್ಕಲ್ಲ, ಪಾದ ಇರಲೂ ಇಲ್ಲ,
ಚಾಣ ಹಿಡಿದವ ನಿಂತಿರಬಹುದಾದ ಕಡೆ ಇಟ್ಟಳು.
ಆಮೇಲೆ ನೆನಪಾದಂತೆ ಬಗ್ಗಿ
ಎಡಗೈಗೆ ಎಟುಕುವಷ್ಟು ಪಕ್ಕಕ್ಕೆ ಸರಿಸಿದಳು.
ಕಾಯಿ ಖಾಜಾಹುಸೇನಿಗೆ: "ತಗೊ, ಚಟ್ನಿ ಮಾಡಿಸ್ಕೊ."

ಇಳಿಯುವಾಗ ಕಾಲ ಕೆಳಗೆ ಚಕ್ಕೆಗಳು ಜಾರುತ್ತಿದ್ದವು.
ತುಂಬೆ, ಉತ್ತರಾಣಿ ಬೆಳೆದ ದಿಬ್ಬ.
"ಇಲ್ಲೇ ಒಗದಾರ ನೋಡು," ಅಂದಳು.
ಹತ್ತುವಾಗ ಅದನ್ನೇ ತುಳಿದು ಬಂದಿದ್ದೆವು:
ಗುಡಿಯೊಳಗೆ ಎಷ್ಟು ಖಾಲಿಯಿತ್ತೋ ಅಷ್ಟು ಕಲ್ಲು.

ಟಂಟಂನಲ್ಲಿ, ಗೊಬ್ಬರದ ಚೀಲಗಳ ಮೇಲೆ ಕಾಲಿಟ್ಟು ಕೂತು, ಕೇಳಿದಳು:
"ಆ ಸಮುದ್ರದೂರಾಗ ಎಡಚರು ಎಷ್ಟು ಮಂದಿ ಇದ್ರು?"

ಮೊಬೈಲು ತೆಗೆದೆ. ನೂರಾ ಎಂಬತ್ತು ಫೋಟೊ.
ಎಲ್ಲದರಲ್ಲೂ ನಾನಿದ್ದೆ.
ಎರಡು ಬೆರಳಲ್ಲಿ ನನ್ನ ಮುಖ ಅಂಚಿಗೆ ನೂಕಿ
ಹಿಂದಿನ ಗೋಡೆ ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ.
ಗೀರು ಕಾಣುವ ಮೊದಲೇ
ಕಲ್ಲು ಚೌಕ ಚೌಕವಾಗಿ ಒಡೆಯಿತು.